ಕಲ್ಲಿನ ವಾಸನೆ ಹೋಗೋ ತನಕ ಮೀನು ಬಿಡಬೇಡಿ

ತುಮಕೂರಿನ ಬಟವಾಡಿಯಲ್ಲಿ ಕೂತು ಸಮುದ್ರದ ವಿಷಯ ಮಾತಾಡ್ತಿದ್ದೀನಿ, ನಗಬೇಡಿ. ಇಲ್ಲಿಂದ ಮಂಗಳೂರಿನ ಕಡಲು ಸುಮಾರು 300 ಕಿಲೋಮೀಟರ್. ಆದರೂ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡೋ ಹುಚ್ಚು ನನಗೆ ಹತ್ತಿತ್ತು. ಟ್ಯಾಂಕ್ ಮುಚ್ಚಿದ ಸ್ನೇಹಿತರೊಬ್ಬರು ಚೀಲದಲ್ಲಿ ಕಟ್ಟಿಟ್ಟಿದ್ದ ಹಳೇ ಕಲ್ಲು ಕೊಟ್ಟರು. ತಂದ ದಿನವೇ ಟ್ಯಾಂಕಿಗೆ ಹಾಕಿದೆ, ಮಾರನೇ ದಿನ ಎರಡು ಕ್ಲೌನ್ ಮೀನು ಬಿಟ್ಟೆ. ನಾಲ್ಕನೇ ದಿನಕ್ಕೆ ಎರಡೂ ಹೋದವು. ನೀರು ಕನ್ನಡಿ ಥರ ತಿಳಿಯಾಗೇ ಇತ್ತು. ಕೊಂದಿದ್ದು ಕಣ್ಣಿಗೆ ಕಾಣದ ಅಮೋನಿಯಾ.

ಲೈವ್ ರಾಕ್ ಅನ್ನೋ ಹೆಸರಿದ್ದರೂ ಕಲ್ಲಿಗೆ ಜೀವ ಇಲ್ಲ. ಅದು ಸತ್ತ ಹವಳದ ಸುಣ್ಣದ ಗೂಡು. ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳಗಳು ಇರುತ್ತವೆ. ನೀರಿನಿಂದ ಆಚೆ ತೆಗೆದಾಗ ಇವುಗಳಲ್ಲಿ ಬಹಳಷ್ಟು ಸತ್ತು, ಕೊಳೆತು, ಅಮೋನಿಯಾ ಬಿಡುತ್ತವೆ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಹೆಚ್ಚಿರೋದರಿಂದ ಅಲ್ಲಿ ಅಮೋನಿಯಾದ ವಿಷವೂ ಜಾಸ್ತಿ.

ಈ ಕೊಳೆಯನ್ನ ಟ್ಯಾಂಕಿನ ಹೊರಗೇ ಮುಗಿಸಿಕೊಳ್ಳೋದಕ್ಕೆ ಕ್ಯೂರಿಂಗ್ ಅಂತಾರೆ. ಮನೆ ಕಟ್ಟಿಸಿದವರಿಗೆ ಮೋಲ್ಡ್ ಮೇಲೆ ನೀರು ನಿಲ್ಲಿಸೋದು ನೆನಪಾಗಬಹುದು. ಆದರೆ ಇದು ತಿಪ್ಪೆಗೊಬ್ಬರಕ್ಕೆ ಹತ್ತಿರದ್ದು. ಹಸಿ ಸಗಣಿಯನ್ನ ಗಿಡದ ಬುಡಕ್ಕೆ ಸುರಿಯಲ್ಲ ತಾನೆ? ಕಳಿತ ಮೇಲೇ ಹಾಕ್ತೀವಿ.

ಅದಕ್ಕೂ ಮೊದಲು, ಕಲ್ಲು ಎಲ್ಲಿಂದ ತರೋದು? ಮುರುಡೇಶ್ವರದ ಹತ್ತಿರದ ನೇತ್ರಾಣಿಗೆ ಡೈವಿಂಗ್ ಹೋದಾಗ ಒಂದು ತುಂಡು ಎತ್ತಿಕೊಂಡು ಬರೋಣ ಅನ್ನೋ ಯೋಚನೆ ಬೇಡವೇ ಬೇಡ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ ಇರೋದೂ ಅದೇ ಪಟ್ಟಿಯಲ್ಲಿ. ಶಿಕ್ಷೆ ಕನಿಷ್ಠ ಮೂರು ವರ್ಷ ಜೈಲು. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲು ಸಿಗುತ್ತೆ, ಬಾಟಲಿಯಲ್ಲಿ ಬರೋ ಬ್ಯಾಕ್ಟೀರಿಯಾ ಹಾಕಿ ಅದನ್ನೇ ಹದ ಮಾಡಿಕೊಳ್ಳಬಹುದು. ಹೊಸ ಸಿಮೆಂಟ್ ಕಲ್ಲಾದರೆ ಮೊದಲು ವಾರಗಟ್ಟಲೆ ಸಿಹಿನೀರಲ್ಲಿ ನೆನೆಸಬೇಕು, ಇಲ್ಲಾಂದ್ರೆ ನೀರಿನ ಪಿಎಚ್ ಏರುತ್ತೆ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಕಲ್ಲನ್ನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದೆ. ನೀರು ಆರ್‌ಒದ್ದು. ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇರಬಹುದು, ನಲ್ಲಿ ನೀರಿನ ಕ್ಲೋರಿನ್ ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತೆ. ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪಲ್ಲ, ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲ್ಲ. ಹೀಟರ್ 25 ಡಿಗ್ರಿಗೆ, ನೀರು ಸದಾ ತಿರುಗೋಕೆ ಒಂದು ಪಂಪು. ಪಾಚಿ ಬೆಳೆಯದಿರಲಿ ಅಂತ ಮೇಲೆ ಗೋಣಿಚೀಲ. ಮೊದಲ ವಾರ ಕೊಳೆತ ಮೊಟ್ಟೆಯ ವಾಸನೆ, ಅಮ್ಮ ಬಾಲ್ಕನಿ ಕಡೆ ಸುಳಿಯಲೇ ಇಲ್ಲ. ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸಿದೆ. ಕರೆಂಟ್ ಹೋದ್ರೆ ಆಮ್ಲಜನಕ ಕಮ್ಮಿಯಾಗಿ ಉಳಿದ ಜೀವಿಗಳೂ ಸಾಯ್ತವೆ, ಹಾಗಾಗಿ ಬ್ಯಾಟರಿ ಏರ್ ಪಂಪ್ ಇಟ್ಟುಕೊಂಡಿದ್ದೆ.

ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರುತ್ತೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಜಾತಿ ಅದನ್ನ ಕಡಿಮೆ ವಿಷದ ನೈಟ್ರೇಟ್ ಮಾಡುತ್ತೆ. ನನಗೆ ಆರು ವಾರ ಹಿಡೀತು. ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಪೂರ್ತಿ ಸೊನ್ನೆ ತೋರಿಸಿ, ಕಲ್ಲು ಮೂಸಿದರೆ ಬರೀ ಕಡಲಿನ ವಾಸನೆ ಬಂದ ಮೇಲೇ ಟ್ಯಾಂಕಿಗೆ ಇಟ್ಟೆ. ಆಮೇಲೂ ಮೊದಲು ಬಿಟ್ಟಿದ್ದು ಒಂದೇ ಮೀನು.

ಹಾಂ, ತೆಗೆದ ಉಪ್ಪುನೀರನ್ನ ತೆಂಗಿನ ಬುಡಕ್ಕೆ ಚೆಲ್ಲಬೇಡಿ. ಬಚ್ಚಲಿಗೆ ಬಿಡಿ.