ಸ್ಟಿಯರಿಂಗ್ ವೀಲು ಕೊಡುವುದೇನು? ಕನ್ಸೋಲಿನ ಪಂದ್ಯಗಳ ಕುರಿತ ಕೆಲವು ತಪ್ಪು ಕಲ್ಪನೆಗಳು

ಮನೆಯ ಟಿವಿಯ ಮುಂದೆ ಕುಳಿತು ಕಾರಿನ ಪಂದ್ಯವಾಡುವವರಲ್ಲಿ ಬಹುಮಂದಿ ಒಂದಲ್ಲ ಒಂದು ಘಟ್ಟದಲ್ಲಿ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತಾರೆ: ತಾವು ಹಿಂದೆ ಬೀಳುತ್ತಿರುವುದಕ್ಕೆ ಕೈಯಲ್ಲಿರುವ ಸಣ್ಣ ಕಂಟ್ರೋಲರೇ ಕಾರಣವೆಂದೂ, ಅದನ್ನು ಬದಿಗಿರಿಸಿ ಸ್ಟಿಯರಿಂಗ್ ವೀಲನ್ನೂ ಪೆಡಲುಗಳನ್ನೂ ಕೊಂಡು ತಂದ ಮರುದಿನದಿಂದಲೇ ತಮ್ಮ ಲ್ಯಾಪ್ ಟೈಮು ಇಳಿಯುವುದೆಂದೂ. ಹತ್ತಾರು ಸಾವಿರ ರೂಪಾಯಿಗಳ ವ್ಯಯಕ್ಕೆ ಮೂಲವಾಗುವ ಈ ನಂಬಿಕೆಯಲ್ಲಿ ಸತ್ಯದ ಅಂಶವಿಲ್ಲವೆಂದಲ್ಲ. ಆದರೆ ಆ ಅಂಶವನ್ನು ಜನ ಎಲ್ಲಿ ಹುಡುಕುತ್ತಾರೋ ಅಲ್ಲಿ ಅದಿಲ್ಲ. ವೀಲಿನಿಂದ ಆಟಗಾರನಿಗೆ ದೊರೆಯುವುದು ಟೈರಿನ ಸ್ಥಿತಿಯ ಪರಿಜ್ಞಾನ. ಆ ಪರಿಜ್ಞಾನವನ್ನು ವೇಗವಾಗಿ ಪರಿವರ್ತಿಸುವ ಕೆಲಸ ಅಭ್ಯಾಸದ್ದು, ಮತ್ತು ಅದಕ್ಕೆ ಕಾಲ ಹಿಡಿಯುತ್ತದೆ.

ಕಂಟ್ರೋಲರನ್ನು ಹಿಡಿದವನ ಹೆಬ್ಬೆರಳು ಅನಲಾಗ್ ಸ್ಟಿಕ್ಕನ್ನು ಮಧ್ಯದಿಂದ ಅಂಚಿಗೆ ತಳ್ಳುವಾಗ ಚಲಿಸುವ ದೂರ ಒಂದು ಅಂಗುಲಕ್ಕಿಂತಲೂ ಕಡಮೆ. 2015ರಲ್ಲಿ ಲಾಜಿಟೆಕ್ ಸಂಸ್ಥೆಯು ಹೊರತಂದ ಜಿ29 ವೀಲಾದರೋ ಒಂದು ಕೊನೆಯಿಂದ ಇನ್ನೊಂದು ಕೊನೆಗೆ 900 ಡಿಗ್ರಿ ತಿರುಗುವಂಥದು. ಮಧ್ಯದಿಂದ ಒಂದು ಪಕ್ಕಕ್ಕೆ ಪೂರ್ತಿಯಾಗಿ ತಿರುಗಿಸಿದರೆ ಅದರ ಅಂಚಿನಲ್ಲಿರುವ ಕೈ ಸುಮಾರು ಒಂದು ಮೀಟರಿನಷ್ಟು ದೂರವನ್ನು ಕ್ರಮಿಸುತ್ತದೆ. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಕಾರನ್ನು ಅಂಗುಲಕ್ಕೂ ಕಿರಿದಾದ ಅವಕಾಶದಲ್ಲಿ ಹತೋಟಿಯಲ್ಲಿಡುವುದು ಹೆಬ್ಬೆರಳೊಂದಕ್ಕೇ ಅಸಾಧ್ಯವೆಂಬುದನ್ನು ಆಟವನ್ನು ರಚಿಸಿದವರು ಚೆನ್ನಾಗಿ ಬಲ್ಲವರಾದುದರಿಂದ, ಬೆರಳಿಗೂ ಕಾರಿನ ಮುಂಗಾಲಿಗಳಿಗೂ ನಡುವೆ ಕಣ್ಣಿಗೆ ಕಾಣದ ಒಬ್ಬ ಸಾರಥಿಯನ್ನು ನಿಲ್ಲಿಸಿದ್ದಾರೆ. ಸ್ಟಿಕ್ಕನ್ನು ಥಟ್ಟನೆ ಒತ್ತಿದರೂ ಗಾಲಿಗಳು ಥಟ್ಟನೆ ತಿರುಗವು. ವೇಗ ಏರಿದಂತೆಲ್ಲ ಅವು ತಿರುಗಬಹುದಾದ ಮಿತಿಯೂ ಕಿರಿದಾಗುತ್ತ ಹೋಗುತ್ತದೆ. ಕಾರಿನ ಹಿಂಭಾಗ ಜಾರತೊಡಗಿದಾಗ ಎದುರು ದಿಕ್ಕಿಗೆ ಸ್ಟಿಯರಿಂಗ್ ತಿರುಗಿಸುವ ಕೆಲಸದಲ್ಲಿಯೂ ಕೆಲವು ಆಟಗಳು ಪಾಲುಗೊಳ್ಳುತ್ತವೆ. ಗ್ರ್ಯಾನ್ ಟುರಿಸ್ಮೊ ಎಂಬ ಆಟದಲ್ಲಿ ಈ ನೆರವು ಎಷ್ಟಿರಬೇಕೆಂದು ಆರಿಸಿಕೊಳ್ಳಲು ಪ್ರತ್ಯೇಕ ಆಯ್ಕೆಯೇ ಉಂಟು. ಫೋರ್ಜಾ ಎಂಬ ಆಟದಲ್ಲಿಯೂ ಸಾಧಾರಣ ಸ್ಟಿಯರಿಂಗ್ ಒಂದು, ನೆರವು ತೆಗೆದ ಸಿಮ್ಯುಲೇಶನ್ ಸ್ಟಿಯರಿಂಗ್ ಇನ್ನೊಂದು ಎಂಬ ಭೇದವಿದೆ.

ವೀಲನ್ನು ಜೋಡಿಸಿದ ಕ್ಷಣದಲ್ಲಿ ಈ ಸಾರಥಿ ಬಹುಮಟ್ಟಿಗೆ ರಥದಿಂದ ಇಳಿದುಹೋಗುತ್ತಾನೆ. ಅಲ್ಲಿಯವರೆಗೆ ತನ್ನದೆಂದು ತಿಳಿದಿದ್ದ ಕೌಶಲದಲ್ಲಿ ಒಂದು ಪಾಲು ಆಟದ್ದಾಗಿತ್ತೆಂಬುದು ಮೊದಲನೆಯ ವೇಗದ ತಿರುವಿನಲ್ಲಿಯೇ, ಕಾರು ಗಿರ್ರನೆ ಸುತ್ತಿ ಹಿಮ್ಮುಖವಾಗಿ ನಿಂತಾಗ, ಆಟಗಾರನಿಗೆ ಗೋಚರವಾಗುತ್ತದೆ. ಆರಂಭದ ವಾರಗಳಲ್ಲಿ ವೀಲು ಹಿಡಿದವನು ಮೊದಲಿಗಿಂತ ನಿಧಾನವಾಗುವುದು ಸ್ವಾಭಾವಿಕ. ಅದರಿಂದ ಅಧೈರ್ಯಪಟ್ಟು ಹೊಸ ಉಪಕರಣವನ್ನು ಅಟ್ಟಕ್ಕೇರಿಸುವುದು ಅನ್ಯಾಯ. ಕಂಟ್ರೋಲರಿನಲ್ಲಿಯೇ ಆಡಿ ವೀಲಿನವರಿಗೆ ಸರಿಸಮನಾದ ಸಮಯಗಳನ್ನು ಸಾಧಿಸುವ ಸಮರ್ಥರು ಗ್ರ್ಯಾನ್ ಟುರಿಸ್ಮೊದ ಆಟಗಾರರಲ್ಲಿ ಇದ್ದಾರೆಂಬುದೂ ಇಲ್ಲಿ ಸ್ಮರಣೀಯ. ಒಂದೇ ಒಂದು ಸುತ್ತಿನ ಸಮಯವನ್ನು ಮಾತ್ರ ಅಳತೆಗೋಲಾಗಿ ಇಟ್ಟುಕೊಂಡರೆ ವೀಲಿನ ಬೆಲೆ ಸರಿಯಾಗಿ ತಿಳಿಯದು. ಟೈರು ಸವೆಯುತ್ತ, ಇಂಧನ ಕರಗಿ ಕಾರು ಹಗುರಾಗುತ್ತ, ಮಳೆ ಬಿದ್ದು ರಸ್ತೆ ಒದ್ದೆಯಾಗುತ್ತ ಹೋಗುವ ದೀರ್ಘ ಪಂದ್ಯದಲ್ಲಿ ಅದರ ಗುಣ ಹೊರಬೀಳುತ್ತದೆ.

ಆ ಗುಣದ ಸ್ವರೂಪವನ್ನು ತಿಳಿಯುವುದಕ್ಕೆ ಅಡ್ಡಬರುವ ಎರಡನೆಯ ತಪ್ಪು ಕಲ್ಪನೆಯೆಂದರೆ, ಫೋರ್ಸ್ ಫೀಡ್‌ಬ್ಯಾಕ್ ಎಂಬುದು ವೀಲು ಗಡಗಡನೆ ಅದುರುವುದಕ್ಕೆ ಇಟ್ಟ ಹೆಸರೆಂಬುದು. ಅದುರುವಿಕೆಯನ್ನು ಕಂಟ್ರೋಲರೂ ಕೊಡುತ್ತದೆ. ಪ್ಲೇಸ್ಟೇಷನ್ 5ರ ಕಂಟ್ರೋಲರಂತೂ ಬ್ರೇಕಿನ ಗುಂಡಿಯು ಬೆರಳಿಗೆ ಪ್ರತಿರೋಧವೊಡ್ಡುವಂತೆ ಕೂಡ ಮಾಡಬಲ್ಲದು. ಏನೋ ಆಗುತ್ತಿದೆಯೆಂಬುದನ್ನು ಅದುರುವಿಕೆ ಹೇಳೀತು. ಯಾವ ದಿಕ್ಕಿಗೆ, ಎಷ್ಟು ಎಂಬುದನ್ನು ಹೇಳಲಾರದು. ನಿಜವಾದ ಕಾರಿನ ಮುಂದಿನ ಟೈರು ತಿರುವಿನಲ್ಲಿರುವಾಗ, ನೆಲಕ್ಕೆ ಅಂಟಿದ ಅದರ ಅಂಗೈಯಗಲದ ಭಾಗದಲ್ಲಿ ಹುಟ್ಟುವ ಪಾರ್ಶ್ವಬಲವು ನಟ್ಟನಡುವೆ ಕೇಂದ್ರೀಕೃತವಾಗದೆ ತುಸು ಹಿಂದಕ್ಕೆ ಸರಿದಿರುತ್ತದೆ. ಹಾಗೆ ಸರಿದಿರುವುದರಿಂದಲೇ ಆ ಬಲವು ಗಾಲಿಯನ್ನು ನೇರಕ್ಕೆ ಮರಳಿಸಲೆಳಸುವ ತಿರುಗುಬಲವಾಗಿ ಪರಿಣಮಿಸಿ, ಸ್ಟಿಯರಿಂಗಿನ ಮೂಲಕ ಚಾಲಕನ ಕೈಗೆ ಭಾರವಾಗಿ ತೋರುತ್ತದೆ. ಚಾಲಕನು ಇನ್ನಷ್ಟು ತಿರುಗಿಸಿದಂತೆ ಆ ಭಾಗದ ಹಿಂಬದಿಯ ರಬ್ಬರು ಜಾರತೊಡಗುತ್ತದೆ, ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಮತ್ತು ಟೈರಿನ ಹಿಡಿತ ಇನ್ನೂ ಹೆಚ್ಚುತ್ತಲೇ ಇರುವಾಗ ಸ್ಟಿಯರಿಂಗಿನ ಭಾರ ಮಾತ್ರ ಇಳಿಯಲಾರಂಭಿಸುತ್ತದೆ. ಈ ಭಾರದ ಏರಿಳಿತವನ್ನೇ ವೀಲಿನ ಮೋಟಾರು ಆಟಗಾರನ ಕೈಗೆ ಮುಟ್ಟಿಸುವುದು ಫೋರ್ಸ್ ಫೀಡ್‌ಬ್ಯಾಕ್. ಹಿಡಿತ ತಪ್ಪುವುದಕ್ಕೆ ಮುಂಚೆಯೇ ಕೈ ಹಗುರಾಗುತ್ತದೆಂಬ ಈ ಒಂದು ಸಂಗತಿಯಲ್ಲಿ ವೀಲಿನ ಸರ್ವಸ್ವವೂ ಅಡಗಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಹಗ್ಗದ ಬಿಗಿತದಿಂದಲೇ ಎತ್ತಿನ ಇಂಗಿತವನ್ನರಿಯುವ ಬಂಡಿಯವನಂತೆ, ಬಲ್ಲ ಆಟಗಾರನು ಆ ಹಗುರತನವನ್ನು ಕೇಳಿಸಿಕೊಂಡು ಅಲ್ಲಿಯೇ ಕೈ ತಡೆಯುತ್ತಾನೆ. ಕಂಟ್ರೋಲರಿನವನು ಅದೇ ಸುದ್ದಿಗಾಗಿ ಟೈರಿನ ಕೀರಲುಧ್ವನಿಯನ್ನೂ ಪರದೆಯ ಮೇಲೆ ಕಾರು ಹೊರಳುವ ದೃಶ್ಯವನ್ನೂ ಕಾಯಬೇಕಾಗುತ್ತದೆ.

ಈ ಸುದ್ದಿಯನ್ನು ಎಲ್ಲ ಆಟಗಳೂ ಒಂದೇ ರೀತಿಯಲ್ಲಿ ಮುಟ್ಟಿಸುತ್ತವೆಂಬುದು ಮತ್ತೊಂದು ಭ್ರಮೆ. ಬಾರ್ಸಿಲೋನದ ಸರ್ಕಿಟ್ಟಿನ ಮೂರನೆಯ ತಿರುವು ಬಲಕ್ಕೆ ಬಹುದೂರ ಬಾಗುತ್ತ ಏರುತ್ತ ಹೋಗುವಂಥದು. ಕಾರಿನ ಮುಂಭಾಗ ಹೊರಕ್ಕೆ ಸರಿಯುವ ಪ್ರವೃತ್ತಿಯನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸ್ಥಳ ವಿರಳ. 2022ರ ಗ್ರ್ಯಾನ್ ಟುರಿಸ್ಮೊ 7, 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್, ಮತ್ತು ಕನ್ಸೋಲುಗಳಿಗೆ 2020ರಲ್ಲಿ ಬಂದ ಅಸೆಟ್ಟೊ ಕೊರ್ಸಾ ಕಾಂಪೆಟಿಝಿಯೋನೆ, ಈ ಮೂರರಲ್ಲಿಯೂ ಆ ತಿರುವು ಇರುವುದರಿಂದ ಹೋಲಿಕೆ ಸುಲಭ. ಮೂರನೆಯ ಆಟವನ್ನು ರಚಿಸಿದ ಕೂನೋಸ್ ಸಂಸ್ಥೆ ಇಟಲಿಯ ರೋಮ್ ನಗರದ ಬಳಿಯ ವಾಲೆಲುಂಗಾ ಸರ್ಕಿಟ್ಟಿನಲ್ಲಿ ನೆಲೆಸಿರುವಂಥದು. ಸ್ಟಿಯರಿಂಗಿಗೆ ನಿಜವಾಗಿ ತಲುಪುವ ಬಲಗಳನ್ನಷ್ಟೇ ಕೈಗೆ ಕೊಡಬೇಕೆಂಬ ನಿಷ್ಠೆಯಿಂದ ಅದು ಈ ಆಟವನ್ನು ರೂಪಿಸಿದೆ. ಆದುದರಿಂದ ಆ ತಿರುವಿನಲ್ಲಿ ಭಾರವೇರಿ, ಒಂದು ಕ್ಷಣ ನಿಂತು, ಮೆಲ್ಲಗೆ ಹಗುರಾಗುವ ಕ್ರಮ ಅಲ್ಲಿ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಆ ಆಟವನ್ನು ಕಂಟ್ರೋಲರಿನಲ್ಲಿಯೂ ಆಡಬಹುದು. ಆದರೆ ಹಾಗೆ ಆಡಿದರೆ ಆಟದ ಅರ್ಧ ಸಾರ ಕೈತಪ್ಪುತ್ತದೆ. ಗ್ರ್ಯಾನ್ ಟುರಿಸ್ಮೊ ಮಧ್ಯಮಾರ್ಗದ್ದು: ಸೌಮ್ಯ, ಕಂಟ್ರೋಲರಿಗೂ ಉದಾರ, ವೀಲಿಗೂ ಪ್ರಾಮಾಣಿಕ. ಫೋರ್ಜಾವು ಕಂಟ್ರೋಲರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬೆಳೆದುಬಂದ ಪರಂಪರೆಯೆಂದೂ, ಅದೊಂದಕ್ಕಾಗಿಯೇ ವೀಲನ್ನು ಕೊಳ್ಳುವುದು ದುಂದುವೆಚ್ಚವೆಂದೂ ನಾನು ಭಾವಿಸುತ್ತೇನೆ.

ಇಷ್ಟು ಹೇಳಿದ ಮಾತ್ರಕ್ಕೆ ಕನ್ಸೋಲಿನ ಪಂದ್ಯಗಳೆಲ್ಲ ಮಕ್ಕಳಾಟ, ನಿಜವಾದ ಸಿಮ್ಯುಲೇಟರಿಗೆ ಕಂಪ್ಯೂಟರೇ ಬೇಕು ಎನ್ನುವವರ ಪಕ್ಷವನ್ನು ಒಪ್ಪಿದಂತಾಗದು. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುವುದನ್ನು ನೋಡಿ ಕಾರಿನ ಚಲನೆಯ ಲೆಕ್ಕಾಚಾರವೂ ಅಷ್ಟೇ ಬಾರಿ ನಡೆಯುವುದೆಂದು ಊಹಿಸುವುದು ತಪ್ಪು. ಹಿಂದಿನ ಫೋರ್ಜಾದಲ್ಲಿ ಟೈರು ನೆಲವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವಂತೆ ಸೆಕೆಂಡಿಗೆ 60 ಬಾರಿ ಗಣಿಸುತ್ತಿದ್ದುದನ್ನು, 2023ರ ಆವೃತ್ತಿಯಲ್ಲಿ ಎಂಟು ಬಿಂದುಗಳಿಗೂ 360 ಬಾರಿಗೂ ಏರಿಸಿರುವುದಾಗಿ ಅದರ ನಿರ್ಮಾತೃಗಳೇ ತಿಳಿಸಿದ್ದಾರೆ. ಕಂಪ್ಯೂಟರಿಗೇ ಮೀಸಲಾದ ಐರೇಸಿಂಗಿನಂಥ ಆಟಗಳು ಕನ್ಸೋಲಿನಲ್ಲಿ ದೊರೆಯವೆಂಬ ಕೊರತೆ ನಿಜ. ಆದರೆ 2008ರಲ್ಲಿ ಸೋನಿ ಮತ್ತು ನಿಸ್ಸಾನ್ ಸಂಸ್ಥೆಗಳು ಆರಂಭಿಸಿದ ಜಿಟಿ ಅಕಾಡೆಮಿಯು ಪ್ಲೇಸ್ಟೇಷನ್ನಿನ ಮುಂದೆ ಕುಳಿತವರೊಳಗಿಂದಲೇ ಪಂದ್ಯಗಾರರನ್ನು ಆಯ್ದಿತು. ಅದರ ಮೊದಲ ವಿಜೇತನಾದ ಸ್ಪೇನಿನ ಲೂಕಾಸ್ ಓರ್ಡೊನ್ಯೆಸ್ 2011ರಲ್ಲಿ ಲ ಮಾನ್ ನಗರದ 24 ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದ ಎರಡನೆಯ ಸ್ಥಾನಕ್ಕೇರಿದ ತಂಡದಲ್ಲಿದ್ದನು. ಆಟದ ಅಭ್ಯಾಸ ನಿಜದ ರಸ್ತೆಗೆ ಏನೂ ಬಾರದೆಂಬ ಮಾತಿಗೆ ಇದು ಸಾಕಷ್ಟು ಉತ್ತರ. ಇದನ್ನೇ ಹಿಗ್ಗಿಸಿ, ಮನೆಯಲ್ಲಿ ವೀಲು ತಿರುಗಿಸಿದ ಹುಡುಗನಿಗೆ ಊರಿನ ದಟ್ಟಣೆಯಲ್ಲಿ ಕಾರು ನಡೆಸಲು ಬಂದೀತೆಂದು ತಿಳಿಯುವ ತಂದೆತಾಯಿಗಳು ಮಾತ್ರ ಎಚ್ಚರವಹಿಸಬೇಕು: ಅಡ್ಡಬರುವ ದನವನ್ನೂ, ಸೂಚನೆ ಕೊಡದೆ ತಿರುಗುವ ಆಟೋವನ್ನೂ ಮುಂಗಾಣುವ ಬುದ್ಧಿಯನ್ನು ಯಾವ ರೇಸಿಂಗ್ ಆಟವೂ ಕಲಿಸದು.

ಉಪಕರಣದ ಆಯ್ಕೆಗೆ ಬಂದರೆ, ಬಲ ಹೆಚ್ಚಿದಷ್ಟೂ ನೈಜತೆ ಹೆಚ್ಚೆಂಬ ನಂಬಿಕೆ ಎದುರಾಗುತ್ತದೆ. ಹಲ್ಲುಗಾಲಿಗಳ ಮೂಲಕ ಮೋಟಾರಿನ ಬಲವನ್ನು ಸಾಗಿಸುವ ಜಿ29ರ ತಿರುಗುಬಲ ಸುಮಾರು 2 ನ್ಯೂಟನ್ ಮೀಟರ್. ಮೋಟಾರಿನ ದಂಡಕ್ಕೇ ವೀಲನ್ನು ಕೂಡಿಸುವ ಡೈರೆಕ್ಟ್ ಡ್ರೈವ್ ಜಾತಿಗೆ ಸೇರಿದ ಫ್ಯಾನಾಟೆಕ್ ಸಂಸ್ಥೆಯ ಜಿಟಿ ಡಿಡಿ ಪ್ರೊ ವೀಲಿನದು 5, ಹೆಚ್ಚಿನ ವಿದ್ಯುತ್ ಪೂರೈಕೆಯ ಅಡಾಪ್ಟರನ್ನು ಕೊಂಡರೆ 8. ಲಾಜಿಟೆಕ್ಕಿನ ಪ್ರೊ ವೀಲಿನದು 11. ಡೈರೆಕ್ಟ್ ಡ್ರೈವಿನ ಶ್ರೇಷ್ಠತೆ ಇರುವುದು ತೋಳನ್ನು ದಣಿಸುವುದರಲ್ಲಲ್ಲ, ಹಲ್ಲುಗಾಲಿಗಳ ಒರಟುತನವಿಲ್ಲದೆ ಸೂಕ್ಷ್ಮವಾದ ಏರಿಳಿತಗಳನ್ನು ಕೆಡಿಸದೆ ತಲುಪಿಸುವುದರಲ್ಲಿ. ಸಣ್ಣ ವೀಲನ್ನು ಕೊಂಡವರು ಸೆಟ್ಟಿಂಗಿನಲ್ಲಿ ಬಲವನ್ನು ಪರಮಾವಧಿಗೆ ಏರಿಸುವ ಒಂದು ವಾಡಿಕೆಯಂತೂ ತಮ್ಮ ಹಣವನ್ನು ತಾವೇ ವ್ಯರ್ಥಗೊಳಿಸಿಕೊಳ್ಳುವ ಬಗೆ: ಮೋಟಾರು ತನ್ನ ಶಕ್ತಿಯ ಕೊನೆಯನ್ನು ಮುಟ್ಟಿದ ಮೇಲೆ ಆಟವು ಎಷ್ಟು ಭಾರವನ್ನು ಕೇಳಿದರೂ ಅದು ಒಂದೇ ಸಮನಾದ ಭಾರವನ್ನು ಕೊಡುತ್ತದೆ, ಬಲ್ಲವರು ಕ್ಲಿಪ್ಪಿಂಗ್ ಎನ್ನುವ ಆ ಸ್ಥಿತಿಯಲ್ಲಿ ಕೈ ಹಗುರಾಗುವ ಮುನ್ಸೂಚನೆಯೂ ಅಳಿಸಿಹೋಗುತ್ತದೆ. ತುಸು ಇಳಿಸಿ ಆಡಿದವನಿಗೆ ಅದೇ ವೀಲು ಹೆಚ್ಚು ಮಾತಾಡುತ್ತದೆ.

ಎಲ್ಲರೂ ಕೈಯನ್ನು ನೋಡುತ್ತಿರುವಾಗ ಕಾಲನ್ನು ನೋಡುವವರು ಕಡಮೆ. ಲ್ಯಾಪ್ ಟೈಮು ಬಹುಪಾಲು ನಿರ್ಣಯವಾಗುವುದು ಬ್ರೇಕಿನಲ್ಲಿ. ಅಗ್ಗದ ಪೆಡಲು ತಾನು ಎಷ್ಟು ದೂರ ಇಳಿಯಿತೆಂಬುದನ್ನು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲು ತನ್ನ ಮೇಲೆ ಎಷ್ಟು ಒತ್ತಡ ಬಿದ್ದಿತೆಂಬುದನ್ನು ಅಳೆಯುತ್ತದೆ. ರೇಸ್ ಕಾರಿನ ಬ್ರೇಕು ಹೆಚ್ಚು ಇಳಿಯುವಂಥದಲ್ಲ, ಕಲ್ಲನ್ನೊತ್ತಿದಂತೆ ಗಟ್ಟಿಯಾಗಿರುತ್ತದೆ; ಅಲ್ಲದೆ ನಮ್ಮ ಕಾಲು ದೂರವನ್ನು ನೆನಪಿಡುವುದಕ್ಕಿಂತ ಒತ್ತಡವನ್ನು ಹೆಚ್ಚು ಖಚಿತವಾಗಿ ನೆನಪಿಡುತ್ತದೆ. ಮಿತವಾದ ಹಣವುಳ್ಳವನು ದೊಡ್ಡ ಮೋಟಾರಿಗೂ ಒಳ್ಳೆಯ ಬ್ರೇಕಿಗೂ ನಡುವೆ ಒಂದನ್ನೇ ಆರಿಸಬೇಕಾಗಿ ಬಂದರೆ ಬ್ರೇಕನ್ನೇ ಆರಿಸಲೆಂದು ನಾನು ಸಂಕೋಚವಿಲ್ಲದೆ ಹೇಳಬಲ್ಲೆ.

ವೀಲು ತಿರುಗುವ ಡಿಗ್ರಿಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. 900 ಎಂಬುದು ಸಾಮಾನ್ಯ ರಸ್ತೆಯ ಕಾರಿಗೆ ಹೊಂದುವ ಸಂಖ್ಯೆ. ರೇಸ್ ಕಾರುಗಳಿಗೆ ಅದಕ್ಕಿಂತ ಬಹಳ ಕಡಮೆ ಸಾಕು. ಇದಕ್ಕಿಂತ ಮುಖ್ಯವಾದುದು ಹೊಂದಾಣಿಕೆ. ಯಾವ ವೀಲಾದರೂ ಯಾವ ಕನ್ಸೋಲಿಗಾದರೂ ಕೂಡುವುದೆಂದು ನಂಬಿ ಹಳೆಯ ಮಾಲನ್ನು ಕೊಂಡು ಕೈಸುಟ್ಟುಕೊಂಡವರು ಅನೇಕರು. ಕನ್ಸೋಲು ತನಗೆ ಅಧಿಕೃತವೆಂದು ಗುರುತಿಸುವ ಚಿಪ್ ಇಲ್ಲದ ವೀಲನ್ನು ಒಪ್ಪದು: ಪ್ಲೇಸ್ಟೇಷನ್ 3ರಲ್ಲಿ ಸೊಗಸಾಗಿ ನಡೆದ ಜಿ27 ಪ್ಲೇಸ್ಟೇಷನ್ 4ರಲ್ಲಿ ನಡೆಯಲಿಲ್ಲ, ಜಿ29 ಪ್ಲೇಸ್ಟೇಷನ್ನಿನದು, ನೋಟಕ್ಕೆ ಅದರ ಸೋದರನಂತಿರುವ ಜಿ920 ಎಕ್ಸ್‌ಬಾಕ್ಸಿನದು. ಜಿ923 ಎಂಬ ಒಂದೇ ಹೆಸರಿನಲ್ಲಿ ಎರಡು ಪ್ರತ್ಯೇಕ ಮಾದರಿಗಳಿರುವುದರಿಂದ ಪೆಟ್ಟಿಗೆಯ ಮೇಲಿನ ಗುರುತನ್ನು ಓದದೆ ಹಣ ಕೊಡಬಾರದು.

ಗೇರಿನ ದಂಡವನ್ನು, ಎಂದರೆ ಶಿಫ್ಟರನ್ನು, ಕೊಳ್ಳುವವರು ಅದನ್ನು ಬಲಕ್ಕೇ ಕೂರಿಸಬೇಕೆಂದು ತಿಳಿಯುವುದುಂಟು, ಏಕೆಂದರೆ ಜಾಹೀರಾತಿನ ಚಿತ್ರಗಳು ಎಡಗಡೆ ಸ್ಟಿಯರಿಂಗ್ ಇರುವ ದೇಶಗಳವು. ಲಾಜಿಟೆಕ್ಕಿನ ಶಿಫ್ಟರು ಪ್ರತ್ಯೇಕ ತುಂಡಾದುದರಿಂದ, ಎಡಗೈಯಲ್ಲಿ ಗೇರು ಹಾಕಿ ರೂಢಿಯಾದ ನಮ್ಮವರು ಮೇಜಿನ ಎಡಕ್ಕೇ ಅದನ್ನು ಬಿಗಿಯಬಹುದು. ಗ್ರ್ಯಾನ್ ಟುರಿಸ್ಮೊದ ಬಲಗಡೆ ಸ್ಟಿಯರಿಂಗಿನ ಜಪಾನೀ ಕಾರುಗಳಲ್ಲಿ ಕುಳಿತಾಗ ಅದು ಊರಿನ ಕಾರಿನಂತೆಯೇ ಕೈಗೆ ಸಿಕ್ಕುತ್ತದೆ. ಕಾಂಪೆಟಿಝಿಯೋನೆಯ ರೇಸ್ ಕಾರುಗಳಿಗಾದರೋ ವೀಲಿನ ಹಿಂದಿರುವ ಗೇರಿನ ಪ್ಯಾಡಲುಗಳೇ ಸಾಕು. ಕೊನೆಯದಾಗಿ ನೆಲದ ಮಾತು: ಪೆಡಲಿನ ಅಡಿಯಲ್ಲಿರುವ ಮುಳ್ಳುಗಳು ಕಾರ್ಪೆಟ್ ಹಾಸಿದ ವಿದೇಶದ ಕೋಣೆಗಳನ್ನು ಕಚ್ಚಿಹಿಡಿಯಲು ಮಾಡಿದವು, ನಮ್ಮ ಟೈಲ್ಸಿನ ಅಥವಾ ಗ್ರಾನೈಟಿನ ನೆಲದಲ್ಲಿ ಅವಕ್ಕೆ ಹಿಡಿತವಿಲ್ಲ. ಬಲವಾಗಿ ಬ್ರೇಕೊತ್ತಿದಾಗ ಇಡೀ ಪೆಡಲು ಹಿಂದಕ್ಕೆ ಜಾರಿದರೆ ಮೇಲೆ ಹೇಳಿದ ಸೂಕ್ಷ್ಮವೆಲ್ಲ ನಿಷ್ಫಲ. ಆದುದರಿಂದ ಪೆಡಲಿನ ಬೆನ್ನನ್ನು ಗೋಡೆಗೆ ಆನಿಸಿ, ಅಡಿಗೆ ಒಂದು ರಬ್ಬರಿನ ಮ್ಯಾಟನ್ನು ಹಾಸಿ, ಗಾಲಿಗಳಿಲ್ಲದ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು.