ಹುರಿಜಡೆ ಬಿಚ್ಚುವ ಬಗೆ

ನಮ್ಮ ಮನೆಗಳಲ್ಲಿ ಜಡೆಯೆಂದರೆ ಮೂರೆಳೆಯ ಹೆಣಿಕೆ. ಆಫ್ರಿಕಾ ಮೂಲದ ಸ್ತ್ರೀಯರಲ್ಲಿ ಇನ್ನೊಂದು ಬಗೆಯುಂಟು. ತಲೆಗೂದಲನ್ನು ಸಣ್ಣ ಸಣ್ಣ ಪಾಲುಗಳಾಗಿ ವಿಂಗಡಿಸಿ, ಒಂದೊಂದು ಪಾಲಿನ ಎರಡೆಳೆಗಳನ್ನು ಹಗ್ಗ ಹೊಸೆದಂತೆ ಸುತ್ತುತ್ತಾರೆ. ಇದಕ್ಕೆ 'ಟ್ವಿಸ್ಟ್' ಎಂದು ಹೆಸರು. ನಾವಿಲ್ಲಿ ಹುರಿಜಡೆ ಎನ್ನೋಣ.

ಕೆಲವು ವರ್ಷಗಳ ಹಿಂದೆ ಅಮೆರಿಕೆಯಲ್ಲಿ ಕನ್ನಡ ಬಂಧುಗಳೊಬ್ಬರ ಮನೆಯಲ್ಲಿ ತಂಗಿದ್ದೆವು. ನೆರೆಮನೆಯ ಕಪ್ಪುಜನಾಂಗದ ತಾಯಿಯೊಬ್ಬರು ಭಾನುವಾರ ಮಧ್ಯಾಹ್ನ ಮಗಳನ್ನು ಮೆಟ್ಟಿಲ ಮೇಲೆ ಕುಳ್ಳಿರಿಸಿಕೊಂಡು ಆರು ವಾರಗಳ ಹುರಿಜಡೆಗಳನ್ನು ಬಿಚ್ಚುತ್ತಿದ್ದರು. ಹತ್ತು ಜಡೆ ಬಿಚ್ಚುವಷ್ಟರಲ್ಲಿ ಕೈಯಲ್ಲಿ ಕೂದಲಿನ ಉಂಡೆಯೇ ಕೂಡಿತು. ಮಗು ಅಳತೊಡಗಿತು. ಏನೋ ರೋಗವಿರಬೇಕೆಂದು ನಮಗೂ ಗಾಬರಿಯಾಯಿತು.

ರೋಗವಲ್ಲವಂತೆ. ಯಾರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹುರಿಯೊಳಗೆ ಸಿಕ್ಕಿದ ಕೂದಲು ಕೆಳಗೆ ಬೀಳಲಾರದೆ ಅಲ್ಲಿಯೇ ಉಳಿಯುತ್ತದೆ. 42 ದಿನಗಳ ಲೆಕ್ಕ ಹಾಕಿದರೆ ಎರಡು ಸಾವಿರಕ್ಕೂ ಮಿಕ್ಕೀತು. ಉದುರಿದ ಕೂದಲು ಪೂರ್ಣ ಉದ್ದವಿದ್ದು ಬುಡದಲ್ಲಿ ಬಿಳಿಯ ಚುಕ್ಕೆಯಿರುತ್ತದೆ. ಚುಕ್ಕೆಯಿಲ್ಲದ ತುಂಡುಗಳು ಹೆಚ್ಚಾಗಿ ಕಂಡರೆ ಮಾತ್ರ ಬಿಚ್ಚುವ ಕೈ ಒರಟಾಯಿತೆಂದು ತಿಳಿಯಬೇಕು.

ಈ ಸುರುಳಿಗೂದಲನ್ನು ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಜನರಲ್ಲಿಯೂ ಕಾಣಬಹುದು. ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ಆದುದರಿಂದ ತುದಿ ಒಣಗುತ್ತದೆ, ತಿರುವುಗಳಲ್ಲಿ ಮುರಿಯುತ್ತದೆ. ಹುರಿ ಮಾಡುವುದು ಆ ತುದಿಯ ರಕ್ಷಣೆಗಾಗಿಯೇ. ಬಿಚ್ಚುವಾಗ ಅವಸರಪಟ್ಟರೆ ಆರು ವಾರ ಕಾಯ್ದದ್ದು ಒಂದು ಗಳಿಗೆಯಲ್ಲಿ ಹೋಗುತ್ತದೆ.

ಆ ತಾಯಿ ಮೊದಲು ಬೆರಳಿಗೆ ಎಣ್ಣೆ ಸವರಿಕೊಂಡರು. ತುದಿಯಿಂದ ಬಿಚ್ಚುತ್ತ ಬುಡದತ್ತ ಸಾಗಿದರು. ಬುಡದಲ್ಲಿ ಧೂಳು, ಜಿಡ್ಡು ಸೇರಿ ಗಟ್ಟಿಯಾದ ಗಂಟಿಗೆ ಇನ್ನಷ್ಟು ಎಣ್ಣೆ ಹಚ್ಚಿ, ತುಸು ಹೊತ್ತು ಬಿಟ್ಟು, ಎಳೆಯದೆ ಅಗಲಿಸಿದರು. ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ಅದೂ ತುದಿಯಿಂದಲೇ. ಸಿಕ್ಕು ಬಿಡಿಸದೆ ನೀರು ಹಾಕಿದರೆ ಗಂಟು ಬಿಗಿಯುತ್ತದೆಯಾದ್ದರಿಂದ ಸ್ನಾನ ಕಡೆಗೆ. ಕೃತಕ ಕೂದಲು ಸೇರಿಸಿ ಹೊಸೆದಿದ್ದರೆ, ಸ್ವಂತ ಕೂದಲು ಎಲ್ಲಿಗೆ ಮುಗಿಯಿತೆಂದು ಬೆರಳಿನಿಂದ ನೋಡಿಕೊಂಡು, ಅದರ ಕೆಳಗೆ ಮಾತ್ರ ಕತ್ತರಿ ಆಡಿಸಬೇಕಂತೆ.

ಅವರ ಕಪಾಲದ ಬಳಿ ಕೂದಲು ವಿರಳವಾಗಿತ್ತು. ತರುಣಿಯಾಗಿದ್ದಾಗ ಕಚೇರಿಯೊಂದರ ಸಂದರ್ಶನಕ್ಕೆ ಈ ಕೇಶವಿನ್ಯಾಸ ಒಪ್ಪದೆಂದು ಯಾರೋ ಹೇಳಿದ್ದರಂತೆ. ಒಂದೇ ರಾತ್ರಿಯಲ್ಲಿ ಜಡೆಗಳನ್ನೆಲ್ಲ ಕಿತ್ತು ಬಿಚ್ಚಿದ್ದರು. ವರ್ಷಗಟ್ಟಲೆ ಬಿಗಿದು ಎಳೆದ ಬುಡಗಳು ಮೊದಲೇ ಸೋತಿದ್ದವು. ಅಲ್ಲಿ ಮತ್ತೆ ಕೂದಲು ಬರಲಿಲ್ಲ.

ಈ ಕೂದಲಿನ ಮೇಲಿನ ಅಸಹನೆ ಹಳೆಯದು. 1786ರಲ್ಲಿ, ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಸಿಯಾನದ ಗವರ್ನರ್ ಮಿರೊ, ಸ್ವತಂತ್ರರಾದ ಕಪ್ಪು ಸ್ತ್ರೀಯರೂ ತಲೆಗೆ ವಸ್ತ್ರ ಕಟ್ಟಬೇಕೆಂದು ಆಜ್ಞೆ ಹೊರಡಿಸಿದ್ದನು. ಆ ಸ್ತ್ರೀಯರು ಬಣ್ಣಬಣ್ಣದ ವಸ್ತ್ರಗಳನ್ನು ಸೊಗಸಾಗಿ ಕಟ್ಟಿ ಆಜ್ಞೆಯನ್ನೇ ಅಲಂಕಾರ ಮಾಡಿಕೊಂಡರೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಇಂಥ ಜಡೆಗಳ ಕಾರಣಕ್ಕೆ ಶಾಲೆಯಲ್ಲಿ, ಉದ್ಯೋಗದಲ್ಲಿ ಭೇದ ಮಾಡಕೂಡದೆಂಬ 'ಕ್ರೌನ್' ಕಾಯಿದೆಯನ್ನು ಕ್ಯಾಲಿಫೋರ್ನಿಯ ರಾಜ್ಯ ಮೊದಲಿಗೆ ತಂದದ್ದು 2019ರಲ್ಲಿ.

ಕತ್ತಲಾಗುವ ಹೊತ್ತಿಗೆ ಅರ್ಧ ತಲೆ ಮಾತ್ರ ಮುಗಿದಿತ್ತು. ಮಗುವಿಗೆ ತೂಕಡಿಕೆ. ತಾಯಿ ಉಳಿದ ಜಡೆಗಳನ್ನು ಹಾಗೆಯೇ ಬಿಟ್ಟು, ತಲೆಗೆ ರೇಷ್ಮೆಯ ವಸ್ತ್ರ ಸುತ್ತಿ, ಮಿಕ್ಕದ್ದು ನಾಳೆಗೆಂದು ಎದ್ದರು.