ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಮತ್ತು ಡಿ.ಎನ್.ಎ. ಪರೀಕ್ಷೆ: ಕೊಡಗು ಜಿಲ್ಲೆಯ ಅರ್ಜಿದಾರರ ಗಮನಕ್ಕೆ

ಕೊಡಗು ಜಿಲ್ಲೆಯಲ್ಲಿ ಜೇನು ಕುರುಬ, ಬೆಟ್ಟ ಕುರುಬ, ಯರವ, ಕುಡಿಯ ಮೊದಲಾದ ಪರಿಶಿಷ್ಟ ಪಂಗಡಗಳ ಕುಟುಂಬಗಳು ಹಾಡಿಗಳಲ್ಲಿಯೂ ಕಾಫಿ ತೋಟಗಳ ಲೈನ್‌ಮನೆಗಳಲ್ಲಿಯೂ ವಾಸಿಸುತ್ತಿವೆ. ಇವುಗಳಲ್ಲಿ ಹಲವು ಕುಟುಂಬಗಳ ಬಳಿ ಜಮೀನಿನ ಪಹಣಿಯಾಗಲಿ, ಹಿರಿಯರ ಶಾಲಾ ದಾಖಲೆಯಾಗಲಿ ಇರುವುದಿಲ್ಲ. ಜೊಲ್ಲಿನ ಮಾದರಿಯಿಂದ ಪೂರ್ವಜರ ಮೂಲವನ್ನು ತಿಳಿಸುವ ಖಾಸಗಿ ಡಿ.ಎನ್.ಎ. ಪರೀಕ್ಷೆಗಳು ಇಂದು ದೊರೆಯುತ್ತಿರುವುದರಿಂದ, ಅಂತಹ ವರದಿಯ ಮೂಲಕ ಪಂಗಡವನ್ನು ರುಜುವಾತುಪಡಿಸಬಹುದೇ ಎಂಬ ಪ್ರಶ್ನೆ ಸಹಜವಾಗಿದೆ. ಪಂಗಡದ ಪ್ರಮಾಣಪತ್ರಕ್ಕೆ ಈ ವರದಿಯ ಅಗತ್ಯವಿಲ್ಲ; ಇದರಿಂದ ಪಂಗಡವು ಸಿದ್ಧವಾಗುವುದೂ ಇಲ್ಲ.

ಪಂಗಡವನ್ನು ನಿರ್ಧರಿಸುವುದು ಯಾವುದು?

ಸಂವಿಧಾನದ 342ನೇ ಅನುಚ್ಛೇದದ ಮೇರೆಗೆ ಹೊರಡಿಸಲಾದ 1950ರ ಪರಿಶಿಷ್ಟ ಪಂಗಡಗಳ ಆದೇಶದ ಪಟ್ಟಿಯೇ ಇದಕ್ಕೆ ಆಧಾರ. ಪಟ್ಟಿಯನ್ನು ಮಾರ್ಪಡಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಉದಾಹರಣೆಗೆ, ಕರ್ನಾಟಕದ ಪಟ್ಟಿಯಲ್ಲಿ ‘ಕುರುಬ’ ಎಂಬ ನಮೂದು ಕೊಡಗು ಜಿಲ್ಲೆಗೆ ಸೀಮಿತವಾಗಿದೆ. ಇತರ ಜಿಲ್ಲೆಗಳಲ್ಲಿ ಕುರುಬ ಸಮುದಾಯವು ಹಿಂದುಳಿದ ವರ್ಗಗಳ ಪ್ರವರ್ಗ 2ಎ ಅಡಿಯಲ್ಲಿ ಬರುತ್ತದೆ. ‘ಬೆಟ್ಟ ಕುರುಬ’ ಎಂಬ ಹೆಸರನ್ನು ‘ಕಾಡು ಕುರುಬ’ದ ಪರ್ಯಾಯ ಪದವಾಗಿ ಸೇರಿಸುವ ತಿದ್ದುಪಡಿಯನ್ನು ಸಂಸತ್ತು 2022ರಲ್ಲಿ ಅಂಗೀಕರಿಸಿತು. ಜಿಲ್ಲೆಯ ಗಡಿಯನ್ನಾಗಲಿ, ಪಟ್ಟಿಯ ನಮೂದನ್ನಾಗಲಿ ಯಾವ ರಕ್ತ ಪರೀಕ್ಷೆಯೂ ತಿಳಿಸಲಾರದು.

ಡಿ.ಎನ್.ಎ. ಪರೀಕ್ಷೆ ಏನನ್ನು ತಿಳಿಸುತ್ತದೆ?

ಪೂರ್ವಜರ ಮೂಲದ ಪರೀಕ್ಷೆಯು ವ್ಯಕ್ತಿಯ ವಂಶವಾಹಿಗಳನ್ನು ಇತರ ಜನಸಮೂಹಗಳ ಮಾದರಿಗಳೊಂದಿಗೆ ಹೋಲಿಸಿ ಅಂದಾಜು ನೀಡುತ್ತದೆ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಪಾಲ್ಗೊಂಡು 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಜನಸಮೂಹಗಳ ಮಿಶ್ರಣದಿಂದ ಬಂದಿವೆ ಎಂದು ತೋರಿಸಿತು. ಪ್ರಮಾಣದಲ್ಲಿ ವ್ಯತ್ಯಾಸವಿದ್ದರೂ, ಒಂದು ಪಂಗಡದ ಎಲ್ಲರಲ್ಲಿಯೂ ಇದ್ದು ಬೇರೆ ಯಾರಲ್ಲಿಯೂ ಇಲ್ಲದ ಗುರುತು ಇರುವುದಿಲ್ಲ. ತಂದೆ-ಮಗುವಿನ ಸಂಬಂಧವೇ ವಿವಾದದಲ್ಲಿದ್ದಾಗ ನ್ಯಾಯಾಲಯವು ಡಿ.ಎನ್.ಎ. ಪರೀಕ್ಷೆಗೆ ಆದೇಶಿಸಬಹುದು. ಅದು ಸಂಬಂಧವನ್ನು ತಿಳಿಸುತ್ತದೆಯೇ ಹೊರತು ಪಂಗಡವನ್ನಲ್ಲ.

ಪರಿಗಣಿಸಲಾಗುವ ಅಂಶಗಳು

1. ಅರ್ಜಿದಾರರ, ತಂದೆಯ ಹಾಗೂ ರಕ್ತಸಂಬಂಧಿಗಳ ಶಾಲಾ ಮತ್ತು ಇತರ ದಾಖಲೆಗಳು. ಹಳೆಯ ದಾಖಲೆಗಳಿಗೆ ಹೆಚ್ಚಿನ ಮೌಲ್ಯವಿದೆ.
2. ಕುಟುಂಬದ ವಾಸಸ್ಥಳ ಮತ್ತು ಸ್ಥಳೀಯ ವಿಚಾರಣೆಯಲ್ಲಿ ದೊರೆತ ಹೇಳಿಕೆಗಳು.
3. ಪಂಗಡದ ಆಚಾರ, ವಿವಾಹ ಪದ್ಧತಿ, ಶವಸಂಸ್ಕಾರ ಮುಂತಾದವುಗಳೊಂದಿಗಿನ ಸಾಮ್ಯ. ಸರ್ವೋಚ್ಚ ನ್ಯಾಯಾಲಯವು ಮಾಧುರಿ ಪಾಟೀಲ್ ಪ್ರಕರಣದಲ್ಲಿ (1994) ಈ ಬಗೆಯ ವಿಚಾರಣೆಯನ್ನು ಸೂಚಿಸಿತ್ತು. ಆದರೆ ಇದೊಂದೇ ನಿರ್ಣಾಯಕವಲ್ಲವೆಂದು 2023ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಪಟ್ಟಣದಲ್ಲಿ ಬೆಳೆದು ಹಳೆಯ ಪದ್ಧತಿಗಳನ್ನು ಅರಿಯದ ಕಾರಣಕ್ಕಷ್ಟೇ ಹಕ್ಕು ಕಳೆದುಹೋಗುವುದಿಲ್ಲ.
4. ತಂದೆ-ತಾಯಿಯರಲ್ಲಿ ಒಬ್ಬರು ಮಾತ್ರ ಪಂಗಡಕ್ಕೆ ಸೇರಿದ್ದಲ್ಲಿ, ಮಗು ಯಾವ ಸಮುದಾಯದಲ್ಲಿ ಬೆಳೆಯಿತು ಎಂಬ ಸಂಗತಿ. ತಂದೆಯ ಜಾತಿಯೇ ಅಂತಿಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಪು ನೀಡಿದೆ.

ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯನ್ನು ವಾಸಸ್ಥಳದ ನಾಡಕಚೇರಿಯಲ್ಲಿ ಸಲ್ಲಿಸತಕ್ಕದ್ದು. ಸ್ಥಳೀಯ ವಿಚಾರಣೆಯ ನಂತರ ತಹಶೀಲ್ದಾರರು ಪ್ರಮಾಣಪತ್ರ ನೀಡುತ್ತಾರೆ ಅಥವಾ ಅರ್ಜಿಯನ್ನು ತಿರಸ್ಕರಿಸುತ್ತಾರೆ. ಸ್ವಂತ ದಾಖಲೆ ಇಲ್ಲದ ಅರ್ಜಿದಾರರು, ಒಡಹುಟ್ಟಿದವರು ಅಥವಾ ತಂದೆಯ ಕಡೆಯ ಸಂಬಂಧಿಗಳು ಈಗಾಗಲೇ ಪ್ರಮಾಣಪತ್ರ ಪಡೆದಿದ್ದಲ್ಲಿ ಅದರ ಪ್ರತಿಯನ್ನೂ ವಂಶವೃಕ್ಷವನ್ನೂ ಲಗತ್ತಿಸುವುದು ಸೂಕ್ತ.

ಅರ್ಜಿ ತಿರಸ್ಕೃತವಾದಲ್ಲಿ

ತಹಶೀಲ್ದಾರರ ಆದೇಶ ತಲುಪಿದ 30 ದಿನಗಳೊಳಗೆ ಉಪವಿಭಾಗದ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಆದೇಶದ ಪ್ರತಿಯನ್ನೂ ಅದು ತಲುಪಿದ ದಿನಾಂಕವನ್ನೂ ಜೋಪಾನವಾಗಿಡತಕ್ಕದ್ದು. ಡಿ.ಎನ್.ಎ. ವರದಿ ತಂದಲ್ಲಿ ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.